ಏಳು ಸಾವಿರದ ಎಂಟುನೂರು ಸುತ್ತು

ಸುಟ್ಟ ಮೋಟಾರು ತರುವವರಿಗಿಂತ ಮೊದಲು
ಅದರ ವಾಸನೆ ಒಳಗೆ ಬರುತ್ತದೆ.
ಉತ್ತಯ್ಯ ಬಂದಾಗ ಯಾವ ವಾಸನೆಯೂ ಇರಲಿಲ್ಲ.
ಮೇಜಿನ ಮೇಲೆ ಇಟ್ಟ:
ಬೆರಳುದ್ದದ ಒಂದು ಬಾಬಿನ್, ಅದರೊಳಗೆ
ಆರು ಅಯಸ್ಕಾಂತದ ಕಡ್ಡಿ.
'ಎಷ್ಟು ಎಚ್‌ಪಿ?' ಅಂದೆ.
ಗೋಣಿಕೊಪ್ಪದ ಈ ಅಂಗಡಿಯಲ್ಲಿ
ಅಪ್ಪನ ಕಾಲದಿಂದ ಮೊದಲ ಪ್ರಶ್ನೆ ಅದೇ.
'ಇದು ನೀರೆತ್ತುವುದಿಲ್ಲ, ಸಫಿಯಕ್ಕ,' ಅಂದ,
'ಗಿಟಾರಿನ ಕಿವಿ ಇದು.'

ಆಮೇಲೆ ಗಿಟಾರೂ ಬಂತು, ಅಕ್ಕಿಚೀಲದಲ್ಲಿ.
ಹಲಸಿನ ಮೈ. ನಡುವೆ ಜೇನು,
ಅಂಚಿಗೆ ಬರುತ್ತ ಬರುತ್ತ
ಬಾಣಲೆಯಲ್ಲಿ ಮರೆತ ಕಾಫಿಬೀಜದ ಕಪ್ಪು.
ಎರಡು ಕೊಂಬು; ಒಂದು ಮೋಟು,
ಗುದ್ದಾಟದಲ್ಲಿ ಸೋತು ಬಂದ ಹೋರಿಯದ್ದು.
ಕತ್ತಿನ ಪಟ್ಟಿಗೆ ಬೀಟೆ: ಅವನಜ್ಜಿಯ ಮಂಚದ ಕಾಲು.
(ನಿಂತ ಬೀಟೆ ಸರ್ಕಾರದ್ದು,
ಮಲಗಿದ ಬೀಟೆ ಅಜ್ಜಿಯದ್ದು.)
ತಂತಿಗಳ ಕೆಳಗಿನ ತಗಡಿನಂಥ ಹಾಳೆಯ ಗುರುತು ಸಿಕ್ಕಿತು:
ನಾನೇ ಅವನಿಗೆ ಗುಜರಿ ಬೆಲೆಗೆ ಮಾರಿದ
ಹಳೆ ಮೀಟರ್ ಬೋರ್ಡಿನ ಬೇಕಲೈಟು.

ಮೊಣಕೈ ಊರುವ ಜಾಗದಲ್ಲಿ ಬಣ್ಣ ಹೋಗಿತ್ತು.
'ಯಾರು ನುಡಿಸಿದ್ದು ಇಷ್ಟು ವರ್ಷ?'
'ಯಾರೂ ಇಲ್ಲ. ಉಪ್ಪುಕಾಗದದಲ್ಲಿ ನಾನೇ ಉಜ್ಜಿದೆ.
ಹಳೆಯದು ಕಾಣಬೇಕಲ್ಲ.'
ನನ್ನ ಮುಂಗೈ ತೋರಿಸಿದೆ, ಬೆಸುಗೆ ಕಡ್ಡಿಯ
ಇಪ್ಪತ್ತಾರು ವರ್ಷದ ಕಲೆ:
'ಇವಕ್ಕೆ ಎಷ್ಟು ಕೊಡುತ್ತೀಯ?'
ನಕ್ಕ. ಚೆನ್ನಾಗಿಯೇ ನಕ್ಕ. ಆಮೇಲೆ
ಸುಮ್ಮನೆ ಚೀಲ ಮಡಚಿದ.

ನಲವತ್ತಾರು ಗೇಜಿನ ತಂತಿ. ಇದರ ಮುಂದೆ ಕೂದಲು ಹಗ್ಗ.
ಗಟ್ಟಿಯಾಗಿ ಸೀನಿದರೆ ತುಂಡು.
ಏಳು ಸಾವಿರದ ಎಂಟುನೂರು ಸುತ್ತು ಅಂದಿದ್ದ.
ಫ್ಯಾನ್ ಆರಿಸಿ, ರೇಡಿಯೋ ಆರಿಸಿ
ಬಾಯಲ್ಲೇ ಎಣಿಸುತ್ತ ಕೂತೆ; ಕೌಂಟರಿನ ಏಳರ ಹಲ್ಲು
ಅಪ್ಪ ಇದ್ದಾಗಲೇ ಮುರಿದಿತ್ತು.
ಆರು ಸಾವಿರ ದಾಟಿದೆ, ಬಾಗಿಲಲ್ಲಿ ವಾಸನೆ.
ಪಲ್ಪರ್ ಮೋಟಾರು. ಹಣ್ಣು ರಾಶಿ ಬಿದ್ದಿದೆ,
ಬೆಳಗಾದರೆ ಹುಳಿಯುತ್ತದೆ, ಈಗಲೇ ಬಿಚ್ಚಿ, ಅಂತ
ಪೊನ್ನಂಪೇಟೆ ಕಡೆಯ ತೋಟದ ರೈಟರ್ ಕೂರಲೇ ಇಲ್ಲ.
ಬಿಚ್ಚಿದೆ. ಸುತ್ತಿದೆ. ರಾತ್ರಿಯಾಯಿತು.
ಬಾಬಿನ್ನಿಗೆ ಮರಳಿದರೆ
ನಾಲಗೆಯ ಮೇಲಿಟ್ಟಿದ್ದ ಲೆಕ್ಕ ಇಲ್ಲ.
ಅಂದಾಜಿನಲ್ಲಿ ಸುತ್ತಿದೆ, ನಿದ್ದೆಗಣ್ಣಲ್ಲಿ,
ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು.
ಅಪ್ಪ ಕಂಡಿದ್ದರೆ ತಲೆಗೆ ಮೊಟಕುತ್ತಿದ್ದರು.

ವಾಲ್ವ್ ರೇಡಿಯೋ ಬಿಚ್ಚಿ ಮಾಡಿದ ಪೆಟ್ಟಿಗೆಗೆ ಸಿಕ್ಕಿಸಿದ.
ಮೊದಲು ಬಂದದ್ದು ಬರೀ ಗುಂಯ್.
ಅದು ನನಗೆ ಗೊತ್ತು,
ನಾನು ಹುಟ್ಟಿದಾಗಿನಿಂದ ಈ ಗೋಡೆಯೊಳಗೆ ಇರುವುದು.
'ತಿರುಗಿ ಕೂತರೆ ಹೋಗುತ್ತದೆ,' ಅಂದ.
ಸ್ಟೂಲಿನ ಮೇಲೆ ಇಷ್ಟಿಷ್ಟೇ ತಿರುಗಿ
ಕೊನೆಗೆ ಪಕ್ಕದ ಶುಂಠಿ ಮಂಡಿಗೆ ಮುಖ ಮಾಡಿ ಕೂತ.
ಹೋಯಿತು.

ಆಮೇಲೆ ಮೀಟಿದ.
ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಸದ್ದು,
ಆದರೆ ಲೋಟದಲ್ಲಿ ಅರ್ಧ ಬಿಸಿ ಕಾಫಿ ಇರಬೇಕು.
ದಪ್ಪ ತಂತಿ: ಗಾಳಿಬೀಡಿನ ಏರಿನಲ್ಲಿ ಗೇರ್ ಇಳಿಸುವ ಜೀಪು.
ಇನ್ನೂ ಜೋರು ಮಾಡಿದಾಗ ಅಂಚು ಸ್ವಲ್ಪ ಸೀಯಿತು,
ಮೈಯ ಬಣ್ಣದ ಹಾಗೆಯೇ.
ಮಂಡಿಯ ಹಮಾಲಿಯೊಬ್ಬ
ಬೆನ್ನ ಮೇಲಿನ ಮೂಟೆ ಇಳಿಸದೆ ನಿಂತುಬಿಟ್ಟ.
'ಸರಿಯಾಗಿ ಎಷ್ಟು ಸುತ್ತು, ಅಕ್ಕ?'
'ಏಳು ಸಾವಿರದ ಎಂಟುನೂರು,' ಅಂದೆ.
ಬರೆದುಕೊಂಡ.

ಈಗ ಇನ್ನೊಂದು ಬೇಕಂತೆ, ಅಂಥದ್ದೇ.
ಮೂರು ಸಲ ಸುತ್ತಿ ಕೊಟ್ಟೆ, ಒಂದು ಸುತ್ತೂ ತಪ್ಪದೆ.
ಮೂರೂ ತೊಳೆದು ಬೋರಲಿಟ್ಟ ಪಾತ್ರೆಯ ಹಾಗೆ ನುಡಿದವು.
ನಾಲ್ಕನೆಯದು ಕೈಯಲ್ಲಿದೆ.
ಆರು ಸಾವಿರ ದಾಟಿದೆ.
ಬೇಕೆಂದೇ ಮರೆಯಲು ನೋಡುತ್ತೇನೆ, ನಾಲಗೆ ಬಿಡುತ್ತಿಲ್ಲ:
ಆರು ಸಾವಿರದ ಹನ್ನೊಂದು, ಹನ್ನೆರಡು.
ಮೂಗು ಮಾತ್ರ
ಬಾಗಿಲ ಕಡೆಗೇ ಇದೆ.