ಓಟು, ಓಟಿ

ಈರನಗೆರೆಯ ನಮ್ಮ ಮನೆಗೆ ತಳಪಾಯ ಹಾಕಿದ್ದು
ಡೆಲ್ಲಿಯಲ್ಲಿ ಉರುಳಿದ ಒಂದು ಸರ್ಕಾರ.
ಗೋಡೆ ಎದ್ದದ್ದು ಬೆಂಗಳೂರಿನದು ಬಿದ್ದ ವರ್ಷ.
ತಾರಸಿಗೆ ಮಾತ್ರ ತುಂಬ ಕಾದೆವು:
ಬಹುಮತ ಗಟ್ಟಿಯಾಗಿತ್ತು.

ಅವ್ವ ಚಿಕ್ಕತಾಯಮ್ಮ, ಶಾಯಿ ಕಾರ್ಖಾನೆ, ತುಂಬುವ ವಿಭಾಗ,
ಟೋಕನ್ ನಂಬರು ನೂರಾ ಹದಿನಾಲ್ಕು.
ಎಲೆಕ್ಷನ್ ಬಂತೆಂದರೆ ಎರಡು ಪಾಳಿ, ಭಾನುವಾರವೂ ಓಟಿ.
ಎಡಗೈಯಲ್ಲಿ ಕಂದು ಸೀಸೆ, ಬಲಗೈಯಲ್ಲಿ ಆಲಿಕೆ,
ಮೇಲೆ ಮಂಕು ದೀಪ, ಬೆಳಕು ಬಿದ್ದರೆ ಕೆಡುವ ಸರಕು.
ಹನಿ ಚೆಲ್ಲಿದರೆ ಅಂತಪ್ಪ ಮೇಸ್ತ್ರಿ ಕೂಗುತ್ತಿದ್ದ:
"ಬೆಳ್ಳಿ ಕಣವ್ವಾ ಅದು, ಬೆಳ್ಳಿ!"
ನಿಜವೇ. ಬೆಳ್ಳಿಯ ಉಪ್ಪು.
ಅವ್ವನ ಮೈಮೇಲಿದ್ದ ಬೆಳ್ಳಿ ಅದೊಂದೇ,
ಕಾಲುಚೈನು ಗಿರವಿ ಅಂಗಡಿಯಲ್ಲಿತ್ತು.

ತಾತ ಇಂಥದೇ ಷೆಡ್ಡಿನಲ್ಲಿ ಅರಗು ಕಾಸಿದವನು.
ಅರಮನೆಯ ಲಕೋಟೆಗೂ ರೆಸಿಡೆಂಟ್ ಸಾಹೇಬರ ಲಕೋಟೆಗೂ
ಒಂದೇ ಕೆಂಪು. ಒಳಗೇನು ಬರೆದಿತ್ತೋ,
ಮುಚ್ಚುವವನಿಗೆ ಯಾರು ಹೇಳುತ್ತಾರೆ?
"ನಂದು ಬಾಯಿ ಮುಚ್ಚೋ ಕಸುಬು, ನಿಂದು ಬೆರಳು ತೋರ್ಸೋದು"
ಅಂದು ನಕ್ಕನಂತೆ, ಮಗಳು ಕೆಲಸಕ್ಕೆ ಸೇರಿದ ದಿನ.

ತುರ್ತುಪರಿಸ್ಥಿತಿಯಲ್ಲಿ ಶಾಯಿಗೆ ಬೀಗ.
ಅವ್ವನನ್ನು ಪೇಂಟಿಗೆ ಹಾಕಿದರು. ರೈಲು ಡಬ್ಬಿಯ ಬಣ್ಣ,
ಗೋಡೆ ಮೇಲೆ 'ಹೆಚ್ಚು ದುಡಿಯಿರಿ' ಅಂತ ಬರೆಯುವ ಬಿಳಿ.
ಬಸ್ಸು ಟೈಮಿಗೆ ಬರುತ್ತಿತ್ತು. ಅಕ್ಕಿ ಬೆಲೆ ಇಳಿದಿತ್ತು.
ಕ್ಯಾಂಟೀನಿನಲ್ಲಿ ಲೋಟದ ಸದ್ದು ಮಾತ್ರ.
ಯೂನಿಯನ್ನಿನ ಸಿದ್ದಲಿಂಗು ಒಂದು ಸೋಮವಾರ ಬರಲಿಲ್ಲ.
"ಒಳ್ಳೆ ಕಾಲ ಅಂತ್ಲೇ ಅನ್ಸಿತ್ತು" ಅನ್ನುತ್ತಾಳೆ ಅವ್ವ,
ಸುಳ್ಳು ಹೇಳುವವಳಲ್ಲ.
"ಕೈ ಮಾತ್ರ ಬೆಳ್ಳಗಾಗ್ತಾ ಬಂತು.
ಅದ್ಯಾಕೋ ಹಿಡಿಸ್ಲಿಲ್ಲ."

ಆಮೇಲೆ ಪರದೇಶಕ್ಕೂ ಹೋಗತೊಡಗಿತು.
ಪೆಟ್ಟಿಗೆಗೆ ಅಚ್ಚು ಹಾಕುವ ಜುಲೇಖಾಬಿ ಓದಿ ಹೇಳುತ್ತಿದ್ದಳು:
ಇವರೂ ಅದೇ ದೊರೆಯ ಕೈಲಿದ್ದವರಂತೆ,
ನಮಗಿಂತ ಹದಿನೈದು ವರ್ಷ ಚಿಕ್ಕವರು.
ಆ ಪೆಟ್ಟಿಗೆಗಳಿಗೆ ಅವ್ವ ಹೊಟ್ಟನ್ನು
ಒಂದು ಹಿಡಿ ಹೆಚ್ಚು ತುಂಬುತ್ತಿದ್ದಳು,
ಬಾಣಂತಿ ಮನೆಗೆ ಕಳಿಸುವ ಹಾಗೆ.

ಒಂದು ಸಲ ಇನ್ನೂರು ಪೆಟ್ಟಿಗೆ ಲಾರಿ ಏರಿ ಇಳಿದವು.
ಅಲ್ಲೀಗ ಎಲೆಕ್ಷನ್ ಬೇಡವಂತೆ. ಸೇನೆಯವನೊಬ್ಬ ಕೂತನಂತೆ.
ದೇಶ ಸ್ಥಿರವಾಗಿದೆಯಂತೆ, ರಸ್ತೆ ಹಾಕುತ್ತಿದ್ದಾರಂತೆ.
ಗೋಡೌನಿನ ಕತ್ತಲಲ್ಲಿ ಸೀಸೆಗಳು ಉಳಿದವು.
ಊಟದ ಬಿಡುವಿನಲ್ಲಿ ಅವ್ವ ಹೋಗಿ ನೋಡಿ ಬರುತ್ತಿದ್ದಳು,
ಆಸ್ಪತ್ರೆಗೆ ಹೋದಂತೆ, ಬರಿಗೈಯಲ್ಲಿ.
ಓಟಿ ದುಡ್ಡು ಆಗಲೇ ಕೈಸೇರಿತ್ತು;
ಅದರಲ್ಲಿ ನನಗೆ ಹೈಸ್ಕೂಲಿನ ಬೂಟು.
ಕಚ್ಚುತ್ತಿತ್ತು. ಹೇಳಲಿಲ್ಲ ನಾನು.

ಓಟಿನ ದಿನ ಬೂತಿನ ಹುಡುಗ ಅವಳನ್ನು ತಡೆದ:
"ಆಗ್ಲೇ ಹಾಕಿದ್ದೀರಲ್ಲ."
ಹತ್ತೂ ಬೆರಳು ಚಾಚಿದಳು. ಹತ್ತೂ ಕಪ್ಪು.
ಮೂರು ಪಕ್ಷದ ಏಜೆಂಟರು ಎದ್ದು ನಿಂತರು,
ಒಬ್ಬೊಬ್ಬನಿಗೂ ಅವಳು ಇನ್ನೊಬ್ಬನ ಕಡೆಯವಳು.
ಕೊನೆಗೆ ಟೋಕನ್ ಬಿಲ್ಲೆ ತೋರಿಸಿ ಒಳಗೆ ಹೋದಳು.
ಕಪ್ಪಿನ ಮೇಲೊಂದು ಗೀಟು ಎಳೆದರು.
ಕಾಣಲೇ ಇಲ್ಲ.

ಈಗ ಮನೆ ಹಿಂದೆ ರಿಂಗ್ ರೋಡು, ರಾತ್ರಿಯೆಲ್ಲ ಲಾರಿ.
ಸರ್ಕಾರ ಬಂಡೆಯಂತಿದೆ ಅನ್ನುತ್ತದೆ ಟೀವಿ.
ಓಟು ಹಾಕಿ ಬಂದ ಮೇಲೆ ಅವ್ವ ಆ ಒಂದು ಉಗುರು ಕತ್ತರಿಸುವುದಿಲ್ಲ.
ಜಗುಲಿಯಲ್ಲಿ ಕೂತು ನೋಡುತ್ತಾಳೆ:
ಬುಡದಲ್ಲಿ ಬಿಳಿ ಹುಟ್ಟುತ್ತದೆ, ಕಪ್ಪನ್ನು ತುದಿಗೆ ದೂಡುತ್ತದೆ,
ವಾರಕ್ಕೊಂದು ನೂಲೆಳೆ.
"ಬೆಳವಣಿಗೆ ಬೆಳವಣಿಗೆ ಅಂತಾರಲ್ಲ,
ಇಷ್ಟೇ ಕಣಪ್ಪಾ ಅದರ ವೇಗ."

ಆಮೇಲೆ ಕತ್ತೆತ್ತಿ, ತಾರಸಿ ಸೋರುವ ಕಡೆ ನೋಡಿ,
"ಈ ಮೂಲೆ ಯಾವ ಸರ್ಕಾರದ್ದೋ?"
ಬೆರಳು ಮಡಚಿ ಲೆಕ್ಕ ಹಾಕುತ್ತೇನೆ.
ಹನ್ನೊಂದು ತಿಂಗಳಿಗೆ ಬಿತ್ತಲ್ಲ,
ಅದರದ್ದೇ ಇರಬೇಕು.