ತಾತ್ಕಾಲಿಕ ಸಿಮೆಂಟು

ಮೂರನೇ ಕ್ರೇನಿನ ಏಣಿಗೆ ನೂರಾ ಹನ್ನೆರಡು ಮೆಟ್ಟಿಲು.
ಹತ್ತೊಂಬತ್ತು ವರ್ಷ ಎಣಿಸಿದ್ದೇನೆ, ಒಂದೂ ಕಡಿಮೆಯಾಗಿಲ್ಲ.
ಕಡಿಮೆಯಾದದ್ದು ಕೆಳಗಿನ ತಲೆಗಳು.
ಹಳದಿ ಹೆಲ್ಮೆಟ್ಟುಗಳು, ಮೊದಲೆಲ್ಲ
ನೆಲದ ತುಂಬ ಚೆಲ್ಲಿದ ಕಡಲೆಬೇಳೆ.
ಈಗ ಬೆರಳಿಟ್ಟು ಹೆಸರು ಹೇಳಬಲ್ಲೆ:
ಅದು ಜ್ವೊನ್ಕೊ, ಅದು ಕುಂಟುವ ರಾಡೊವಾನ್,
ಅಗೋ ನೆವೆಂಕಾ, ಕೇಬಲ್ ಸುರುಳಿಯ ಮೇಲೆ ಕೂತು
ಕದ್ದು ಸಿಗರೇಟು ಸೇದುತ್ತಿದ್ದಾಳೆ.

ರಿಯೇಕಾದ ಈ ಹಡಗುಕಟ್ಟೆಗೆ ನಾನು ಬಂದಮೇಲೆ
ನಾಲ್ಕು ಹೆಸರು, ಆರು ನಿರ್ದೇಶಕರು.
ಪ್ರತಿ ಹೆಸರಿಗೂ ಹೊಸ ಅಂಗಿ ಕೊಟ್ಟರು.
ಸುಳ್ಳು ಹೇಳಬಾರದು, ಬಟ್ಟೆ ಗಟ್ಟಿ.
ಎರಡನೇ ಕಂಪನಿ ಸತ್ತು ಎಂಟು ವರ್ಷ,
ಅದರ ಅಂಗಿ ತೊಟ್ಟು ನನ್ನಮ್ಮ ಇವತ್ತೂ
ಟೊಮೇಟೊಗೆ ನೀರು ಹಾಯಿಸುತ್ತಾಳೆ.

ಕೊಟ್ಟದ್ದನ್ನೂ ಹೇಳಬೇಕಲ್ಲ.
ಹಡಗುಕಟ್ಟೆಯವಳು ಅಂದೊಡನೆ
ಬ್ಯಾಂಕಿನವನು ಎದ್ದು ಕುರ್ಚಿ ಎಳೆದ. ಆಗ.
ದ್ವೀಪದಲ್ಲಿ ಕಂಪನಿಯದೇ ಬೇಸಿಗೆ ಮನೆ,
ಮಗಳು ಈಜು ಕಲಿತದ್ದು ಅಲ್ಲಿ,
ಬೆಸುಗೆಯ ನಲವತ್ತು ಗಂಡಸರು ದಡದಲ್ಲಿ ನಿಂತು
ಕೈ ಬೀಸು, ಕಾಲು ಬಡಿ ಎಂದು ಕಿರುಚುತ್ತಿದ್ದಾಗ.
ಶುಕ್ರವಾರ ಕ್ಯಾಂಟೀನಿನಲ್ಲಿ ಮೀನಿನ ಸಾರು.
ಮತ್ತೆ, ಮುನ್ನೂರು ಟನ್ನಿನ ಹಡಗಿನ ಮೂತಿ
ನನ್ನ ಎರಡು ಬೆರಳಿಗೆ ಮಣಿದು, ತೂಗಿ,
ಕೂದಲೆಳೆಯ ಸಂದು ಬಿಡದೆ ಹೋಗಿ ಕೂರುವ ಆ ಗಳಿಗೆ—
ಯಾವ ಚಿಕ್ಕ ಕಾರ್ಖಾನೆ ಕೊಟ್ಟೀತು ಅದನ್ನು?

ಮಾರ್ಚಿನ ಸಂಬಳ ಮೇ ತಿಂಗಳಲ್ಲಿ.
ಮೇ ತಿಂಗಳದು ಮೂಗಿಗೆ ತುಪ್ಪ.
ಬಾಗಿಲ ಬಳಿ ಪಟ್ಟಿ ಅಂಟಿಸಿದ ದಿನ
ಯಾರೂ ಹತ್ತಿರ ಹೋಗುವುದಿಲ್ಲ;
ಕನ್ನಡಕ ಮರೆತ ರಾಡೊವಾನನನ್ನೇ ಮುಂದೆ ದೂಡುತ್ತಾರೆ,
ಅವನೋ ಒಂದೊಂದೇ ಅಕ್ಷರ ಕೂಡಿಸಿ
ಕೂಡಿಸಿ ಓದುತ್ತಾನೆ, ಪಾಪಿ.
ಬೀಸಿದ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ.
ನನಗೆ ಒಂದು ಸಲಕ್ಕೆ
ಹದಿಮೂರು ತಿಂಗಳಿಗಿಂತ ಹೆಚ್ಚು ಸಿಕ್ಕಿಲ್ಲ.

ವ್ಯೆಕೊ ಹೊರಟುಹೋದ, ನಾರ್ವೆಗೆ.
ಹನ್ನೆರಡೇ ಜನರ ದೋಣಿ ಕಾರ್ಖಾನೆ,
ಹದಿನೈದನೇ ತಾರೀಕು, ಗಡಿಯಾರ ಹೊಡೆದ ಹಾಗೆ ದುಡ್ಡು.
ಫೋನಿನಲ್ಲಿ ಕೇಳುತ್ತಾನೆ: ಆ ಹಡಗು ಮುಗಿಯಿತೇ?
ಇಲ್ಲ ಮಾರಾಯ. ಕೊಳ್ಳಬೇಕಾದವನೇ ದಿವಾಳಿ.
ಅದರ ಹೊಟ್ಟೆಯಲ್ಲಿ ಪಾರಿವಾಳ ಮರಿ ಮಾಡಿವೆ.
ಸುಮ್ಮನಾಗುತ್ತಾನೆ. ಆಮೇಲೆ,
ಮೂರು ಗಂಟೆಯ ಸೈರನ್ ಇನ್ನೂ ಊದುತ್ತಾರಾ?
ಕ್ರೇನಿನ ಕಿಟಕಿ ಸರಿಸಿ
ಫೋನನ್ನು ಹೊರಗೆ ಹಿಡಿಯುತ್ತೇನೆ.

ಕಂಪನಿಯ ದಂತವೈದ್ಯೆ ಯಾದ್ರಾಂಕಾ
ಬಲದವಡೆ ಕೊರೆದು, ತಾತ್ಕಾಲಿಕ ಸಿಮೆಂಟು ತುಂಬಿ
ಗುರುವಾರ ಬಾ, ಕಾಯಂ ಮಾಡೋಣ ಅಂದಿದ್ದಳು.
ಬುಧವಾರ ಅವಳ ಕೋಣೆಗೆ ಬೀಗ.
ನಾಲ್ಕು ವರ್ಷವಾಯಿತು.
ಊರಲ್ಲಿ ಬೇಕಾದಷ್ಟು ವೈದ್ಯರಿದ್ದಾರೆ, ಹೋಗಿಲ್ಲ.
ಎಡಕ್ಕೆ ಅಗಿಯುತ್ತೇನೆ.
ಬೆಳಿಗ್ಗೆ ಏಣಿ ಹತ್ತುವಾಗ, ಅರವತ್ತನೇ ಮೆಟ್ಟಿಲಿನಲ್ಲೋ ಎಲ್ಲೋ,
ನಾಲಿಗೆ ತಾನಾಗಿ ಹೋಗಿ ಮುಟ್ಟಿ ಬರುತ್ತದೆ:
ಇದೆ.