ಜೋಡಿಯಿಲ್ಲದ ಕಾಲುಚೀಲ

ವಿಲ್ನಿಯಸ್ಸಿನ ರೈಲುನಿಲ್ದಾಣದ ಹಿಂದಿನ ಬೀದಿಯಲ್ಲಿ
ಫೋನು ರಿಪೇರಿ ಮಾಡುವ ತ್ಸಿಮಾಫೇಯ್ ಅಂದ:
"ಭಯ ಈಗಿನದಲ್ಲ ಅಕ್ಕಾ, ಮುಂದಿನದು.
ನಿಮ್ಮ ಮಾತು ಇವತ್ತು ಅವರಿಗೆ ಅರ್ಥವಾಗುವುದಿಲ್ಲ.
ಆದರೂ ಬಿಸಾಡುವುದಿಲ್ಲ. ಎತ್ತಿಡುತ್ತಾರೆ."

ಎತ್ತಿಡುವುದು ನನಗೆ ಗೊತ್ತು.
ಸೆಪ್ಟೆಂಬರಿನಲ್ಲಿ ಅಮ್ಮ ಅಣಬೆ ಎತ್ತಿಡುತ್ತಿದ್ದಳು,
ಉಪ್ಪು, ಸಬ್ಬಸಿಗೆ, ಬೆಳ್ಳುಳ್ಳಿ, ಮೇಲೊಂದು ಚೆರ್ರಿ ಎಲೆ,
ನೆಲಮಾಳಿಗೆಯ ಕತ್ತಲಲ್ಲಿ ಸಾಲುಸಾಲು ಜಾಡಿ.
ಮುಚ್ಚಳ ಬಿಗಿ. ಯಾರಿಗೂ ಅವಸರವಿಲ್ಲ.
ಚಳಿಗಾಲ ಬಂದೇ ಬರುತ್ತದೆ.

ಹಾಗೇ ನಮ್ಮ ಕಾಗದಗಳೂ ಯಾವುದೋ ನೆಲಮಾಳಿಗೆಯಲ್ಲಿ:
ಹ್ರೋದ್ನಾದಿಂದ ಝೋಸ್ಯಾ ಬರೆದದ್ದು, ನಾನು ಬರೆದದ್ದು,
ಜೈಲಿಗೆ ಯಾರ ಹೆಸರಲ್ಲಿ ಚಹಾಪುಡಿ ಹೋಯಿತು,
ಉಣ್ಣೆಯ ಬನಿಯನ್ನಿಗೆ ದುಡ್ಡು ಕೊಟ್ಟವರು ಯಾರು.
ಹತ್ತೋ ಇಪ್ಪತ್ತೋ ವರ್ಷಕ್ಕೆ ಒಂದು ಯಂತ್ರ ಬರುತ್ತದಂತೆ,
ಕ್ವಾಂಟಮ್ ಎಂದು ಹೆಸರು,
ಹಳೆಯ ಮುಚ್ಚಳಗಳನ್ನೆಲ್ಲ ಒಂದೇ ತಿರುವಿಗೆ ತೆಗೆಯುತ್ತದಂತೆ.
ದುಡ್ಡು ಕೊಟ್ಟವಳ ಮಗುವಿಗೆ ಈಗ ಎರಡು ಹಲ್ಲು.
ಆಗ ಅದು ಕಾಲೇಜಿನಲ್ಲಿರುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಆಪು ಆರಿಸಲು ಕೂತೆವು, ಗಂಡು ನೋಡುವ ಹಾಗೆ.
ಮೊದಲನೆಯದು ಬಲು ಚೆಲುವ: ಬೆಕ್ಕಿನ ಚಿತ್ರ, ಹಾರುವ ಹೃದಯ,
ಬೀಗ ಹಾಕಿದ್ದೀಯಾ ಎಂದರೆ
ನೀವು ಹೇಳಿದರೆ ಹಾಕುತ್ತೇನೆ ಎನ್ನುವ ಜಾತಿ.
ಎರಡನೆಯದು ನಮ್ಮ ಮಾತು ಓದುವುದಿಲ್ಲವಂತೆ, ಆಣೆ.
ಯಾರು ಯಾರಿಗೆ, ಯಾವ ಹೊತ್ತಿಗೆ, ಎಷ್ಟು ಸಲ
ಇಷ್ಟನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ,
ಕಿಟಕಿಯಲ್ಲಿ ಕೂತ ಎದುರುಮನೆಯ ಮುದುಕಿಯ ಥರ.
ಮೂರನೆಯದು ಕುರೂಪಿ. ನಿಧಾನ. ಹೆಸರಿಗೊಂದು ಬೆಕ್ಕಿಲ್ಲ.
ಹಳೆಯ ಬೀಗದ ಮೇಲೆ ಹೊಸದೊಂದು ಬೀಗ,
ಆ ಯಂತ್ರಕ್ಕೂ ಬಗ್ಗದ ಗಣಿತ.
"ಇವತ್ತಿಗೆ ಗೊತ್ತಿರುವ ಮಟ್ಟಿಗೆ" ಎಂದು ಸೇರಿಸಿದ ತ್ಸಿಮಾಫೇಯ್.
ಹಾಗೆ ಸೇರಿಸಿದ್ದಕ್ಕೇ ನಾನು ನಂಬಿದ್ದು.

"ಝೋಸ್ಯಾಳ ಫೋನನ್ನೇ ಕಿತ್ತುಕೊಂಡರೆ?
ಅವಳ ಹೆಬ್ಬೆರಳು ಹಿಡಿದು ಒತ್ತಿಸಿದರೆ?"
ಅವನು ಸ್ಕ್ರೂಡ್ರೈವರು ಒರೆಸುತ್ತ ಕೂತ.
"ಅದಕ್ಕೆ ಗಣಿತ ಇಲ್ಲ ಅಕ್ಕಾ."

ಇನ್ನೊಂದು ಕೆಲಸ ಉಳಿದಿತ್ತು.
ಆಚೆ ಇರುವವಳು ನಿಜಕ್ಕೂ ಅವಳೇನಾ?
ಎರಡು ಫೋನಿನಲ್ಲೂ ಅರವತ್ತು ಅಂಕಿ ಮೂಡುತ್ತವೆ,
ಬೇರೆ ದಾರಿಯಲ್ಲಿ ತಾಳೆ ನೋಡಬೇಕು.
ಫೋನಿನಲ್ಲಿ ಓದುವಂತಿಲ್ಲ, ನಾನು ಗಡಿ ದಾಟುವಂತಿಲ್ಲ.
ನವೆಂಬರಿನಲ್ಲಿ ಬಸ್ಸಿನ ಹೆಂಗಸೊಬ್ಬಳು ಪೊಟ್ಟಣ ತಂದುಕೊಟ್ಟಳು:
ಒಂದು ಕಾಲುಚೀಲ. ಒಂದೇ.

ಶಾಲೆಯಲ್ಲಿ ಮಗ್ಗಿ ನಕಲು ಮಾಡಲು ಹೀಗೇ ಹೆಣೆಯುತ್ತಿದ್ದೆವು:
ಬೂದು ಪಟ್ಟೆ, ಕಪ್ಪು ಪಟ್ಟೆ, ಸಾಲು ಎಣಿಸಿದರೆ ಅಂಕಿ,
ಸೊನ್ನೆಗೊಂದು ಕೆಂಪು ಎಳೆ.
ಅರವತ್ತರಲ್ಲಿ ಕೊನೆಯ ಹನ್ನೆರಡು ಹಿಡಿಸಿದ್ದಳು.
ಅಡುಗೆಮನೆಯ ದೀಪದಡಿ ಉಗುರು ಊರಿ ಎಣಿಸಿದೆ.
ಮೂರು. ಎಂಟು. ಸೊನ್ನೆ. ಒಂದು. ಏಳು.
ಹಿಮ್ಮಡಿಯ ಹತ್ತಿರ, ಐದಿರಬೇಕಾದಲ್ಲಿ, ನಾಲ್ಕು.
ಮತ್ತೆ ಎಣಿಸಿದೆ. ನಾಲ್ಕು.
ಎದೆ ಝಲ್ಲೆಂದಿತು. ಕೈಯಲ್ಲಿದ್ದ ಉಣ್ಣೆ
ಯಾರದೋ ಅನ್ನಿಸಿ ಮೇಜಿನ ಮೇಲಿಟ್ಟೆ.

ಬೆಳಗಾಗುತ್ತಲೇ ಅಂಗಡಿಯ ಶಟರು ಬಡಿದೆ.
ತ್ಸಿಮಾಫೇಯ್ ಆಕಳಿಸುತ್ತ ನೋಡಿದ, ನಕ್ಕ.
"ನಡುವೆ ಕಳ್ಳ ಕೂತಿದ್ದರೆ
ಹೆಚ್ಚುಕಡಿಮೆ ಎಲ್ಲ ಅಂಕಿಯೂ ಬೇರೆಯಾಗುತ್ತಿತ್ತು.
ಒಂದೇ ತಪ್ಪಿದೆ ಅಂದರೆ ಕೈತಪ್ಪು."

ಹೌದಲ್ಲ. ಏಳರ ಮಗ್ಗಿಯಲ್ಲೂ ಅವಳು ಒಂದು ಸಾಲು ನುಂಗಿದ್ದಳು,
ಅದನ್ನೇ ನೋಡಿ ಬರೆದ ನಾನೂ
ಅವಳ ಪಕ್ಕ ಬೆಂಚಿನ ಮೇಲೆ ನಿಂತಿದ್ದೆ.

ಟ್ರಾಲಿಬಸ್ಸಿನಲ್ಲಿ ಕಂಬ ಹಿಡಿದು ನಿಂತೇ
ಹೊಸ ಬೀಗದೊಳಗಿನ ಮೊದಲ ಮಾತು ಬರೆದೆ,
ಯಾರ ಹೆಸರೂ ಇಲ್ಲದೆ:
"ಐದಕ್ಕೆ ನಾಲ್ಕು ಹೆಣೆದಿದ್ದೀಯ, ಕತ್ತೆ.
ಇನ್ನೊಂದು ಕಾಲಿಗೆ ಚಳಿ."